ಮಲಪ್ರಭೆಯ ಸೀಮೆಯಲ್ಲಿ ಬಾಸೆಲ್ ಮಿಶನ್ನಿನ ತರುಣರು

ಗದಗದಿಂದ ಬಾದಾಮಿಗೆ ಹೋಗುವ ರೈಲುದಾರಿಯಲ್ಲಿ ಮಲಪ್ರಭೆಯ ಸಮೀಪ ಸಿಗುವ ನಿಲ್ದಾಣ ಹೊಳೆಆಲೂರು. ರೋಣ ತಾಲ್ಲೂಕಿನ ಎರೆಭೂಮಿ ಇಲ್ಲಿ ಹೊಳೆಯವರೆಗೂ ಚಾಚಿಕೊಂಡಿದೆ. ಆಚೆಯ ದಂಡೆ ಬಾದಾಮಿ ಸೀಮೆಗೆ ಸೇರಿದ್ದು. 1880ರ ದಶಕದಲ್ಲಿ ರೈಲು ಬರುವವರೆಗೆ ಈ ಭಾಗದ ಪ್ರಯಾಣವೆಲ್ಲ ಚಕ್ಕಡಿಯಲ್ಲಿ, ತಟ್ಟುವಿನ ಮೇಲೆ, ಇಲ್ಲವೆ ಕಾಲ್ನಡಿಗೆಯಲ್ಲಿ ನಡೆಯುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗಳನ್ನು ಹಿಡಿದು ನಿಲ್ಲಿಸುತ್ತಿತ್ತು. ಹೊಳೆ ತುಂಬಿದರೆ ಎರಡು ದಂಡೆಗಳ ಸಂಪರ್ಕವೇ ಕಡಿಯುತ್ತಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನು ಈ ಸೀಮೆಯ ದಕ್ಷಿಣಕ್ಕೆ ಬೆಟಗೇರಿಯಲ್ಲಿ 1841ರಲ್ಲಿಯೂ, ಉತ್ತರಕ್ಕೆ ಗುಳೇದಗುಡ್ಡದಲ್ಲಿ 1851ರಲ್ಲಿಯೂ ತನ್ನ ಕೇಂದ್ರಗಳನ್ನು ಸ್ಥಾಪಿಸಿತು. ಎರಡೂ ನೇಕಾರರ ಊರುಗಳು. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದವರು ರೋಣದ ಬಯಲನ್ನು ಹಾಯ್ದು ಮಲಪ್ರಭೆಯನ್ನು ದಾಟಲೇಬೇಕಾಗಿತ್ತು.

ಕನ್ನಡ ನಾಡಿನಲ್ಲಿ ಬಾಸೆಲ್ ಮಿಶನ್ನಿನ ಚರಿತ್ರೆಯನ್ನು ಬಹುಮಟ್ಟಿಗೆ ಮಂಗಳೂರಿನಿಂದ ಬರೆಯಲಾಗಿದೆ. ಅಚ್ಚುಕೂಟ, ಹೆಂಚಿನ ಕಾರ್ಖಾನೆ, 1843ರ 'ಮಂಗಳೂರ ಸಮಾಚಾರ' ಇವೆಲ್ಲ ಕರಾವಳಿಯ ಸಾಧನೆಗಳಾದುದರಿಂದ ಇದು ಸಹಜವೂ ಹೌದು. ಇನ್ನೊಂದು ವಾಡಿಕೆಯೆಂದರೆ ಮಿಶನರಿಗಳನ್ನು ಅವರ ಕೊನೆಯ ಕೃತಿಗಳಿಂದ ಗುರುತಿಸುವುದು. ಕಿಟೆಲ್ ಎಂದೊಡನೆ ನೆನಪಾಗುವುದು ನಿಘಂಟು. ನೆರೆಗಡ್ಡದ ವಿದ್ವಾಂಸನ ಚಿತ್ರ. ಆದರೆ 1836ರಲ್ಲಿ ಮಂಗಳೂರಿಗೆ ಬಂದಿಳಿದಾಗ ಹರ್ಮನ್ ಮೋಗ್ಲಿಂಗ್ ಅವರ ವಯಸ್ಸು 25. ಅವರ ಬಂಧು ಗಾಟ್‌ಫ್ರೀಡ್ ವೈಗ್ಲೆ 1840ರಲ್ಲಿ ಬಂದಾಗ 24. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದಾಗ ಕೇವಲ 21. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳ ಮಿಶನ್ ಜೀವನ ಮುಖ್ಯವಾಗಿ ಇಂಥ ತರುಣರ ಜೀವನವಾಗಿತ್ತು. ಅವರು ಬೋಧಿಸಲು ಬಂದರು. ಮೊದಲ ವರ್ಷಗಳಲ್ಲಿ ಅವರಿಂದ ನಡೆದ ನಿಜವಾದ ಕೆಲಸವೋ ಕಲಿಕೆಯೇ ಆಗಿತ್ತು.

ಬಾಸೆಲ್ ಮಿಶನ್ ಸ್ಥಾಪನೆಯಾದುದು 1815ರಲ್ಲಿ. ಅದರ ಶಿಕ್ಷಣಶಾಲೆ ಮರುವರ್ಷ ಆರಂಭವಾಯಿತು. ಅಲ್ಲಿಗೆ ಸೇರಿದವರಲ್ಲಿ ವುರ್ಟೆಂಬರ್ಗ್ ಪ್ರಾಂತದ ಪಯಟಿಸ್ಟ್ ಭಕ್ತಿಪಂಥದ ರೈತರ, ಕುಶಲಕರ್ಮಿಗಳ ಮಕ್ಕಳೇ ಹೆಚ್ಚು. ಟ್ಯೂಬಿಂಗೆನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಮೋಗ್ಲಿಂಗ್ ಈ ಮಾತಿಗೆ ಅಪವಾದ. ಹಲವು ವರ್ಷಗಳ ಕಟ್ಟುನಿಟ್ಟಿನ ವ್ಯಾಸಂಗದ ನಂತರವೇ ಅಭ್ಯರ್ಥಿಯನ್ನು ಹೊರದೇಶಕ್ಕೆ ಕಳುಹಿಸಲಾಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷೇತರ ಮಿಶನ್‌ಗಳಿಗೂ ಭಾರತದ ಬಾಗಿಲನ್ನು ತೆರೆದುದರಿಂದ, 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೊದಲ ಮೂವರು ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಕೇಂದ್ರಗಳು ಹುಟ್ಟಿದವು.

ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದ ಭಾಗ. ಆಡಳಿತದ ಕಾಗದಗಳಲ್ಲಿಯೂ ಮಿಶನ್ನಿನ ವರದಿಗಳಲ್ಲಿಯೂ ಈ ಪ್ರದೇಶಕ್ಕಿದ್ದ ಹೆಸರು 'ದಕ್ಷಿಣ ಮರಾಠಾ ಸೀಮೆ'. ಕಚೇರಿಗಳಲ್ಲಿ, ಶಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಹೊಸದಾಗಿ ಬಂದ ಜರ್ಮನ್ ತರುಣನ ಎದುರಿಗಿದ್ದ ಜನರಾದರೋ ಕನ್ನಡಿಗರು. ಕಚೇರಿಯ ಭಾಷೆಯನ್ನು ಬಿಟ್ಟು ಸಂತೆಯ ಭಾಷೆಯನ್ನು ಹಿಡಿಯುವುದು ಅವನಿಗೆ ಧರ್ಮಪ್ರಚಾರದ ಅಗತ್ಯವಾಗಿತ್ತೇ ಹೊರತು ಕನ್ನಡಾಭಿಮಾನವಾಗಿರಲಿಲ್ಲ. ಆದರೂ ಡೆಪ್ಯುಟಿ ಚೆನ್ನಬಸಪ್ಪನವರು ಶಾಲೆಗಳಲ್ಲಿ ಕನ್ನಡಕ್ಕಾಗಿ ದುಡಿದ ಕಾಲಕ್ಕಿಂತ ಮುಂಚಿನಿಂದಲೇ ಈ ಪ್ರದೇಶದ ಪ್ರಧಾನ ಭಾಷೆ ಯಾವುದೆಂಬುದನ್ನು ಮಿಶನ್ ತನ್ನ ಕಾರ್ಯಕ್ರಮದ ಮೂಲಕವೇ ಒಪ್ಪಿಕೊಂಡಿತ್ತೆಂಬುದು ಗಮನಾರ್ಹ.

ಭಾಷೆಯ ಕಲಿಕೆ ಮುನ್ಷಿಯ ಮುಂದೆ ಆರಂಭವಾಗುತ್ತಿತ್ತು. ಆದರೆ ಮುನ್ಷಿ ಕಲಿಸುವ ಗ್ರಂಥಸ್ಥ ಭಾಷೆಗೂ ಜಾತ್ರೆ, ಚಾವಡಿಗಳಲ್ಲಿ ಕೇಳಿಬರುವ ಮಾತಿಗೂ ಬಹಳ ಅಂತರವಿತ್ತು. ಮಳೆ ನಿಂತ ಮೇಲೆ ಆರಂಭವಾಗುವ ಸಂಚಾರದ ದಿನಗಳಲ್ಲಿ ಈ ಅಂತರ ಪ್ರಚಾರಕನಿಗೆ ಚೆನ್ನಾಗಿ ಮನವರಿಕೆಯಾಗುತ್ತಿತ್ತು. ಜಾತ್ರೆಯಲ್ಲಿ ನಿಂತು ಮಾತನಾಡುವವನನ್ನು ಜನ ಸುಮ್ಮನೆ ಕೇಳಿಸಿಕೊಳ್ಳುತ್ತಿರಲಿಲ್ಲ. ವಚನ, ಪುರಾಣ, ತತ್ತ್ವಪದಗಳ ಬಲವಿದ್ದ ಸಮಾಜ ಅದು. ಮಠಗಳ ನೆಲೆ ಗಟ್ಟಿಯಾಗಿತ್ತು. ವಾದಕ್ಕೆ ಉತ್ತರ ಹೇಳಬೇಕಾದರೆ ಎದುರಾಳಿಯ ಗ್ರಂಥವನ್ನು ಓದಲೇಬೇಕು. ಮಿಶನರಿಗಳು ವೀರಶೈವ ಸಾಹಿತ್ಯಕ್ಕೆ ಕೈಹಾಕಿದುದರ ಒಂದು ಕಾರಣ ಇಲ್ಲಿದೆ. ಜಿ. ವುರ್ತ್ ಅವರು ಬಸವಪುರಾಣ ಮತ್ತು ಚೆನ್ನಬಸವಪುರಾಣಗಳ ಇಂಗ್ಲಿಷ್ ಅನುವಾದಗಳನ್ನು 1860ರ ದಶಕದಲ್ಲಿ ಮುಂಬಯಿಯ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1868ರಲ್ಲಿ 'ಪ್ರಾಕ್ಕಾವ್ಯಮಾಲಿಕೆ'ಯನ್ನು ಸಂಪಾದಿಸಿದರು. ಖಂಡಿಸುವ ಉದ್ದೇಶದಿಂದ ತೆರೆದ ಗ್ರಂಥವನ್ನು ಕೊನೆಗೆ ಸಂರಕ್ಷಿಸಿದ ಉದಾಹರಣೆಗಳು ಈ ಚರಿತ್ರೆಯಲ್ಲಿ ವಿರಳವಲ್ಲ.

ತರುಣ ಮಿಶನರಿಗಳ ಉತ್ಸಾಹಕ್ಕೂ ಈ ನೆಲದ ವಾಸ್ತವಕ್ಕೂ ಇದ್ದ ದೂರವನ್ನು ಮಲಸಮುದ್ರದ ಪ್ರಸಂಗ ತೋರಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಕಾಲಜ್ಞಾನ ವಚನಗಳ ಪರಂಪರೆ ಬಹು ಪ್ರಬಲವಾದುದು: ಕೆಟ್ಟ ಕಾಲ ಮುಗಿದು ಹೊಸ ಧರ್ಮರಾಜ್ಯ ಬರುವುದೆಂಬ ನಿರೀಕ್ಷೆ ಅದರ ತಿರುಳು. 1830ರ ದಶಕದ ಕೊನೆಯಲ್ಲಿ ಈ ನಂಬಿಕೆಯ ಕೆಲವು ಗುಂಪುಗಳು ಹುಬ್ಬಳ್ಳಿ ಭಾಗದ ಮಿಶನರಿಗಳಲ್ಲಿ ಆಸಕ್ತಿ ತೋರಿದವು. ತಾವು ಕಾಯುತ್ತಿದ್ದ ಬದಲಾವಣೆಯ ಸೂಚನೆಯನ್ನು ಅವರು ಈ ಪರದೇಶಿಗಳಲ್ಲಿ ಕಂಡಿರಬೇಕು. ಮಿಶನರಿಗಳು ಇದನ್ನು ಸಾಮೂಹಿಕ ಮತಾಂತರದ ಮುನ್ಸೂಚನೆಯೆಂದು ತಿಳಿದರು. ಕುಲ ಬಿಟ್ಟು ಬರುವವರಿಗೆ ಬೇಸಾಯದ ನೆಲೆಯೊಂದು ಬೇಕೆಂದು ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ 1841ರಲ್ಲಿ ಒಕ್ಕಲು ಕೇಂದ್ರವನ್ನು ಆರಂಭಿಸಿದರು. ಈ ಯೋಜನೆಯ ಹಿಂದೆ ಮೋಗ್ಲಿಂಗ್ ಅವರ ಉತ್ಸಾಹವಿತ್ತು. ಆದರೆ ನಿರೀಕ್ಷಿಸಿದ ಜನಸ್ತೋಮ ಬರಲಿಲ್ಲ. ಕಾಲಜ್ಞಾನಿಗಳಿಗೆ ಬೇಕಾಗಿದ್ದುದು ತಮ್ಮ ವಚನಗಳ ನೆರವೇರಿಕೆಯೇ ಹೊರತು ಅವುಗಳನ್ನು ತ್ಯಜಿಸುವುದಲ್ಲ. ಒಂದೇ ಮಾತನ್ನು ಎರಡು ಪಕ್ಷಗಳು ಎರಡು ಅರ್ಥದಲ್ಲಿ ಕೇಳಿಸಿಕೊಂಡ ಈ ಘಟನೆಯನ್ನು ಮಿಶನ್ನಿನ ಸೋಲೆಂದು ಮಾತ್ರ ಬರೆದರೆ ಸಾಲದು. ಅದು ಈ ಸೀಮೆಯ ಶ್ರದ್ಧೆಗಳ ಚರಿತ್ರೆಯ ಪುಟವೂ ಹೌದು.

ವ್ಯಕ್ತಿಗತ ಜೀವನದ ಮೇಲೆ ಬಾಸೆಲಿನ ಸಮಿತಿಯ ಹಿಡಿತ ಬಲವಾಗಿತ್ತು. ತರುಣರು ಅವಿವಾಹಿತರಾಗಿ ಬರಬೇಕು. ಕೆಲವು ವರ್ಷ ಸೇವೆ ಸಲ್ಲಿಸಿದ ಮೇಲೆ ವಿವಾಹಕ್ಕೆ ಸಮಿತಿಯ ಅನುಮತಿ ಬೇಡಬೇಕು. ಸುಯೆಜ್ ಕಾಲುವೆ ತೆರೆದುದು 1869ರಲ್ಲಿ; ಅದಕ್ಕೆ ಮೊದಲು ಪತ್ರಕ್ಕೆ ಉತ್ತರ ಬರಲು ತಿಂಗಳುಗಳೇ ಬೇಕಾಗಿದ್ದವು. ಅನುಮತಿ ದೊರೆತ ಮೇಲೆ ಬರುತ್ತಿದ್ದ ವಧು ಅನೇಕ ವೇಳೆ ವರನು ಹಿಂದೆಂದೂ ಕಾಣದವಳು. ಬಂದರಿನಲ್ಲಿ ಮೊದಲ ಭೇಟಿ, ಕೆಲವೇ ದಿನಗಳಲ್ಲಿ ಮದುವೆ, ನಂತರ ಘಟ್ಟವೇರಿ ಅಪರಿಚಿತ ಬಯಲಿನ ಸಂಸಾರ. ಹಿರಿಯರು ಗೊತ್ತುಮಾಡಿದ ವರನನ್ನು ನೋಡದೆಯೇ ವರಿಸುವ ಪದ್ಧತಿಯನ್ನು ಇಲ್ಲಿಯ ಜನರಲ್ಲಿ ಕಂಡು ಟೀಕಿಸುತ್ತಿದ್ದವರ ಸ್ವಂತ ಮದುವೆಗಳು ಅದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಮಕ್ಕಳ ವಿಷಯ ಇನ್ನೂ ಕಠಿಣ. 1853ರ ನಿರ್ಧಾರದಂತೆ ಮಿಶನರಿಗಳ ಮಕ್ಕಳನ್ನು ಶಾಲೆಯ ವಯಸ್ಸಿನಲ್ಲಿ ಬಾಸೆಲಿನ ಮಕ್ಕಳ ಮನೆಗೆ ಕಳುಹಿಸಲಾಗುತ್ತಿತ್ತು. ಹಾಗೆ ಬೀಳ್ಕೊಟ್ಟ ಮಗುವನ್ನು ತಾಯಿ ಮತ್ತೆ ಕಾಣುವುದು ಅನೇಕ ವರ್ಷಗಳ ಮೇಲೆ. ಸಾವಂತೂ ಸಮೀಪದಲ್ಲೇ ಇತ್ತು. ವೈಗ್ಲೆ 1855ರಲ್ಲಿ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಮುಂದೆ ಅವರ ವಿಧವೆ ಪೌಲೀನ್ ಮೋಗ್ಲಿಂಗ್ ಅವರನ್ನು ವರಿಸಿದರು. 1860ರಲ್ಲಿ ಕಿಟೆಲ್ ಅವರ ಕೈಹಿಡಿದ ಪೌಲೀನ್ ಐತ್ 1864ರಲ್ಲಿ ಮರಣ ಹೊಂದಿದರು. 1867ರಲ್ಲಿ ಅವರ ತಂಗಿ ಜೂಲಿಯೊಡನೆ ಕಿಟೆಲ್ ಅವರ ಎರಡನೆಯ ವಿವಾಹ ನಡೆಯಿತು.

ಕಿಟೆಲ್ ಹುಟ್ಟಿದ್ದು ಉತ್ತರ ಸಮುದ್ರದ ತೀರದ ಪೂರ್ವ ಫ್ರೀಸ್‌ಲೆಂಡಿನಲ್ಲಿ, ಪಾದ್ರಿಯ ಮಗನಾಗಿ, 1832ರಲ್ಲಿ. ಬಾಸೆಲಿಗೆ ಬರುವ ಮುನ್ನವೇ ಹಲವು ಭಾಷೆಗಳನ್ನು ಕಲಿತಿದ್ದ ಅವರಿಗೆ ಮೊದಲು ಒದಗಿದ ಕ್ಷೇತ್ರ ಧಾರವಾಡ–ಹುಬ್ಬಳ್ಳಿ ಸೀಮೆ. ಯುರೋಪಿಯನ್ ಮನೆವಾರ್ತೆಯ ಅನುಕೂಲಗಳನ್ನು ತೊರೆದು ಜನರ ನಡುವೆ ಸರಳವಾಗಿ ಬಾಳಬೇಕು, ನಡೆದು ಸಂಚರಿಸಬೇಕು ಎಂಬ ತರುಣನ ಹಂಬಲ ಹಿರಿಯ ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. 1850ರಿಂದ ಮಿಶನ್ನಿನ ಮುಖ್ಯಸ್ಥರಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ ಶಿಸ್ತಿಗೆ ಹೆಸರಾದವರು. ಸ್ವತಂತ್ರ ಮನೋಧರ್ಮದ ಕಿಟೆಲ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಪ್ರಚಾರಕರಾಗಿ ಕಿಟೆಲ್ ಅವರು ಈ ಭಾಗದಲ್ಲಿ ಹೆಚ್ಚು ಕಾಲ ನಿಲ್ಲಲಿಲ್ಲ. ಮುಂದಿನ ಮುಖ್ಯ ಕೆಲಸ ಮಂಗಳೂರು, ಮಡಿಕೇರಿಗಳಲ್ಲಿ ನಡೆಯಿತು.

ಆ ಕಾಲದ ರಾಜಕೀಯ ಪರಿಸರವನ್ನೂ ಇಲ್ಲಿ ನೆನೆಯಬೇಕು. 1858ರ ಮೇ ತಿಂಗಳ ಕೊನೆಯಲ್ಲಿ ನರಗುಂದದ ಭಾಸ್ಕರರಾವ್ ಬಾಬಾಸಾಹೇಬರು ದಂಗೆಯೆದ್ದರು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದನು. ಅದೇ ಹೊತ್ತಿಗೆ ಮುಂಡರಗಿ ಭೀಮರಾಯರು ಕೊಪ್ಪಳದಲ್ಲಿ ಹೋರಾಡಿ ಮಡಿದರು. ಬಾಬಾಸಾಹೇಬರನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಬೆಟಗೇರಿ, ಗುಳೇದಗುಡ್ಡಗಳೆರಡೂ ಈ ಘಟನೆಗಳಿಂದ ಹೆಚ್ಚು ದೂರವಿರಲಿಲ್ಲ. ಕಂಪನಿಗೆ ಸೇರದ, ಇಂಗ್ಲಿಷರೂ ಅಲ್ಲದ ಈ ಜರ್ಮನರು ಹಳ್ಳಿಗರ ಕಣ್ಣಿಗೆ ಸಾಹೇಬರೇ ಆಗಿದ್ದರು; ಆಳರಸರ ಬಣ್ಣ ಅವರದೂ ಆಗಿತ್ತು. ಸರಳವಾಗಿ ಬಾಳುವ ಹಂಬಲದಿಂದ ಈ ದೂರ ಅಳಿಯುವಂತಿರಲಿಲ್ಲ.

ಮತಾಂತರಗೊಂಡವರ ಪಾಡು ಮಿಶನರಿಗಳದಕ್ಕಿಂತ ಕಷ್ಟದ್ದೆಂಬುದನ್ನು ಮರೆಯಲಾಗದು. ಪರದೇಶದ ತರುಣನಿಗೆ ಮರಳಿ ಹೋಗಲು ಒಂದು ಊರಿತ್ತು. ದೀಕ್ಷಾಸ್ನಾನ ಪಡೆದ ನೇಕಾರನು ತನ್ನ ಊರಿನಲ್ಲಿಯೇ ಪರದೇಶಿಯಾಗುತ್ತಿದ್ದನು: ನೂಲು ಕೊಡುವವರು, ಸೀರೆ ಕೊಳ್ಳುವವರು, ಹೆಣ್ಣು ಕೊಡುವವರು ಎಲ್ಲ ಕುಲದ ನಂಟಿನವರೇ. 1876–78ರ ಬರಗಾಲ ಧಾರವಾಡ, ಕಲಾದಗಿ ಜಿಲ್ಲೆಗಳನ್ನು ಹಿಂಡಿದಾಗ ಮಿಶನ್ ಅನಾಥ ಮಕ್ಕಳನ್ನು ಸಾಕಿತು. ಉಪದೇಶದಿಂದ ಬೆಳೆಯದ ಸಭೆಗಳಿಗೆ ಬರಗಾಲದ ನೆರವು ಕೆಲಮಟ್ಟಿಗೆ ಜನರನ್ನು ಒದಗಿಸಿತು ಎನ್ನುವುದು ಕಹಿಯಾದರೂ ಹೇಳಲೇಬೇಕಾದ ಮಾತು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಸುಮಾರು 70,000 ಶಬ್ದಗಳನ್ನು ಒಳಗೊಂಡಿದೆ. ಅದರಲ್ಲಿ ಕಾವ್ಯಗಳಿಂದ ಆಯ್ದ ಮಾತುಗಳ ಜೊತೆಗೆ ಆಡುನುಡಿಯ ಶಬ್ದಗಳೂ ಗಾದೆಗಳೂ ತುಂಬಿವೆ. ಅಂಥ ಎಷ್ಟೋ ಶಬ್ದಗಳ ಮುಂದೆ ಅವು ದಕ್ಷಿಣ ಮರಾಠಾ ಸೀಮೆಯವೆಂದು ಸೂಚಿಸುವ ಸಂಕ್ಷೇಪಾಕ್ಷರಗಳಿವೆ. ಹೆಸರು ಮರಾಠಾ ಸೀಮೆಯದು, ಶಬ್ದ ಅಚ್ಚ ಕನ್ನಡದ್ದು. ಮೈಸೂರು ಸೀಮೆಯ ಶಬ್ದಗಳಿಗೆ ಬೇರೆ ಗುರುತಿದೆ. ಒಂದು ಪ್ರದೇಶದ ಜನ ಆಡುವ ಮಾತನ್ನು ಗ್ರಂಥಸ್ಥ ಭಾಷೆಯ ಪಕ್ಕದಲ್ಲಿ ಸಮಾನ ಗೌರವದಿಂದ ದಾಖಲಿಸಿದ ಈ ಕ್ರಮದ ಮೂಲವನ್ನು, ಮಂಗಳೂರಿನ ಮೇಜಿಗಿಂತ ಮೊದಲಿನ ಆ ಅಲೆದಾಟದ ವರ್ಷಗಳಲ್ಲಿಯೂ ಹುಡುಕಬೇಕಾಗುತ್ತದೆ. ಆ ಶಬ್ದಗಳನ್ನು ಆಡಿ ತೋರಿಸಿದ ಒಕ್ಕಲಿಗರ, ನೇಕಾರರ, ಮುನ್ಷಿಗಳ ಹೆಸರುಗಳಿಗೆ ಸಂಕ್ಷೇಪಾಕ್ಷರಗಳಿಲ್ಲ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಇಲ್ಲಿದ್ದ ಜರ್ಮನ್ ಮಿಶನರಿಗಳು ಶತ್ರುದೇಶದ ಪ್ರಜೆಗಳಾದರು. ಅವರಲ್ಲಿ ಅನೇಕರು ಅಹಮದನಗರದ ಶಿಬಿರವನ್ನು ಸೇರಿದರು. ಮುಂದೆ ಅವರನ್ನು ಸ್ವದೇಶಕ್ಕೆ ಕಳುಹಿಸಲಾಯಿತು. ಮುಂಬಯಿ ಕರ್ನಾಟಕದ ಸಭೆಗಳು 1968ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ವಿಲೀನಗೊಂಡವು.