ಅತ್ತರು ಸರಿ, ಸೆಂಟು ಸರಿಯೇ?

ಶುಕ್ರವಾರ ಮಧ್ಯಾಹ್ನ ಹೆಬ್ಬಾಳದ ಆಸುಪಾಸಿನ ಮಸೀದಿಗಳತ್ತ ಹೊರಟವರ ಅಂಗಿಯಿಂದ ಸುಗಂಧ ಬರುವುದು ಸಾಮಾನ್ಯ. ಜುಮಾ ನಮಾಜಿಗೆ ಮಿಂದು, ಒಳ್ಳೆಯ ಬಟ್ಟೆ ತೊಟ್ಟು, ಸುಗಂಧ ಹಚ್ಚಿಕೊಂಡು ಹೋಗುವುದು ಪ್ರವಾದಿಯವರ ಕಾಲದಿಂದ ಬಂದ ರೂಢಿ. ಹಿಂದೆ ಅದು ಅತ್ತರು. ಈಗ ಹಲವರ ಕೈಯಲ್ಲಿರುವುದು ಸ್ಪ್ರೇ ಬಾಟಲಿ. ಅದರ ಬಹುಪಾಲು ಆಲ್ಕೋಹಾಲು. ಮದ್ಯ ನಿಷಿದ್ಧವಾದ ಧರ್ಮದಲ್ಲಿ ಇದನ್ನು ಹಚ್ಚಿಕೊಂಡು ಪ್ರಾರ್ಥನೆಗೆ ನಿಲ್ಲಬಹುದೇ?

ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ವಿದ್ವಾಂಸರನ್ನು ತಯಾರು ಮಾಡುವ ಸಂಸ್ಥೆಯೊಂದು ಹೆಬ್ಬಾಳಕ್ಕೆ ಹತ್ತಿರವೇ ಇದೆ. ನಾಗವಾರದ ಬಳಿ 1960ರಲ್ಲಿ ಸ್ಥಾಪನೆಯಾದ ದಾರುಲ್ ಉಲೂಮ್ ಸಬೀಲುರ್ರಶಾದ್ ಅದು. ಜನ ಅದನ್ನು 'ಅರೇಬಿಕ್ ಕಾಲೇಜು' ಎಂದೇ ಕರೆಯುತ್ತಾರೆ. ಆದರೆ ಸೆಂಟಿನ ಪ್ರಶ್ನೆಗೆ ಕರ್ನಾಟಕದ ಎಲ್ಲ ಮುಸ್ಲಿಮರ ಉತ್ತರ ಒಂದೇ ಅಲ್ಲ. ಅದಕ್ಕೆ ಕಾರಣ ಹನ್ನೆರಡು ಶತಮಾನಗಳಷ್ಟು ಹಳೆಯದು.

ಮೊದಲು ಪದದ ವಿಷಯ. 'ಆಲ್ಕೋಹಾಲು' ಎಂಬ ಹೆಸರೇ ಅರಬ್ಬಿಯದು. 'ಅಲ್-ಕುಹ್ಲ್' ಎಂದರೆ ಕಣ್ಣಿಗೆ ಹಚ್ಚುವ ಸುರ್ಮಾ, ನಮ್ಮ ಕಾಡಿಗೆಯ ಹಾಗೆ. ಯುರೋಪಿನ ರಸವಾದಿಗಳ ಕೈಗೆ ಸಿಕ್ಕ ಈ ಪದ ಮೊದಲು ನಯವಾದ ಪುಡಿಯಾಯಿತು, ಬಳಿಕ ಯಾವುದೇ ವಸ್ತುವಿನ ಸಾರವಾಯಿತು, ಕೊನೆಗೆ ಮದ್ಯಸಾರಕ್ಕೆ ಅಂಟಿಕೊಂಡಿತು. ಕುರಾನಿನಲ್ಲಿ ನಿಷೇಧಕ್ಕೆ ಬಳಸಿದ ಪದ ಅದಲ್ಲ, 'ಖಮ್ರ್'. ಅಲ್ಲಿ ನಿಷೇಧ ಒಮ್ಮೆಲೇ ಬರಲಿಲ್ಲ. ಮೊದಲು ಲಾಭಕ್ಕಿಂತ ಕೇಡು ಹೆಚ್ಚೆಂಬ ಎಚ್ಚರಿಕೆ, ನಂತರ ಅಮಲಿನಲ್ಲಿ ನಮಾಜಿಗೆ ಬರಬಾರದೆಂಬ ಆಜ್ಞೆ, ಕಡೆಗೆ ಪೂರ್ಣ ನಿಷೇಧ.

ಹಾಗಾದರೆ ಖಮ್ರ್ ಎಂದರೇನು? ಕ್ರಿ.ಶ. 767ರಲ್ಲಿ ತೀರಿಕೊಂಡ ಇಮಾಮ್ ಅಬೂ ಹನೀಫಾ ಅವರ ಪ್ರಕಾರ ಕಟ್ಟುನಿಟ್ಟಾದ ಅರ್ಥದಲ್ಲಿ ಅದು ಹುದುಗಿದ ದ್ರಾಕ್ಷಾರಸ. ಖರ್ಜೂರದ ಮದ್ಯವೂ ನಿಷಿದ್ಧವೇ. ಆದರೆ ಧಾನ್ಯ, ಜೇನು ಮೊದಲಾದವುಗಳಿಂದಾದ ಪಾನೀಯಗಳನ್ನು ಅವರು ಬೇರೆ ವರ್ಗದಲ್ಲಿಟ್ಟರು. 820ರಲ್ಲಿ ತೀರಿಕೊಂಡ ಇಮಾಮ್ ಶಾಫಿಈ ಈ ಭೇದವನ್ನು ಒಪ್ಪಲಿಲ್ಲ. ಅಮಲೇರಿಸುವ ಪ್ರತಿಯೊಂದು ಪಾನೀಯವೂ ಖಮ್ರ್, ಅದರ ಹನಿ ಬಟ್ಟೆಗೆ ತಗುಲಿದರೂ ಅಶುದ್ಧ ಎಂಬುದು ಅವರ ಪಂಥದ ನಿಲುವು. ಕುತೂಹಲದ ಸಂಗತಿಯೆಂದರೆ ಶಾಫಿಈ ಅವರ ಶಿಷ್ಯರೇ ಆದ ಅಲ್-ಮುಝನಿ ಬೇರೆಯೇ ಮಾತು ಹೇಳಿದರು. ಮದ್ಯವನ್ನು ಕುಡಿಯುವುದು ಪಾಪ, ಆದರೆ ಆ ದ್ರವವೇ ಮೈಲಿಗೆಯಲ್ಲ ಎಂದರು.

ಕುಡಿಯುವ ವಿಷಯದಲ್ಲಿ ಇಂದು ಎರಡು ಪಂಥಗಳ ನಡುವೆಯೂ ಜಗಳವಿಲ್ಲ. ಅಬೂ ಹನೀಫಾ ಅವರ ಶಿಷ್ಯ ಇಮಾಮ್ ಮುಹಮ್ಮದ್ ಅವರ ಮತದಂತೆ ಹನಫಿಗಳೂ ಎಲ್ಲ ಮದ್ಯವನ್ನೂ, ತೊಟ್ಟಾದರೂ ಸರಿ, ನಿಷಿದ್ಧವೆಂದೇ ಎಣಿಸುತ್ತಾರೆ. ಹಳೆಯ ಭೇದಕ್ಕೆ ಜೀವ ಬಂದದ್ದು ಕುಡಿಯದ ವಸ್ತುಗಳ ವಿಷಯದಲ್ಲಿ.

ಬೆಂಗಳೂರಿನ ಉರ್ದು ಮಾತನಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿಈ ಪಂಥದವರು. ಹೀಗಾಗಿ ಒಂದೇ ಸೆಂಟಿನ ಬಾಟಲಿಗೆ ಹೆಬ್ಬಾಳದಲ್ಲಿ ಒಂದು ತರ್ಕ, ಭಟ್ಕಳದಲ್ಲಿ ಇನ್ನೊಂದು.

ಹನಫಿ ತರ್ಕಕ್ಕೆ ನೆರವಾದದ್ದು ಕಬ್ಬು. ಭಾರತದಲ್ಲಿ ಕೈಗಾರಿಕಾ ಮದ್ಯಸಾರ ಬಹುಕಾಲ ಮುಖ್ಯವಾಗಿ ಬಂದದ್ದು ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ. 1933ರಲ್ಲಿ ಶುರುವಾದ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯಿಂದ ಹಿಡಿದು ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳವರೆಗೆ ಕಾಕಂಬಿ ನಮಗೆ ಪರಿಚಿತ. ಅದು ದ್ರಾಕ್ಷಿಯೂ ಅಲ್ಲ, ಖರ್ಜೂರವೂ ಅಲ್ಲ. ಸೆಂಟಿನಲ್ಲಿರುವುದನ್ನು ಯಾರೂ ಅಮಲಿಗಾಗಿ ಕುಡಿಯುವುದಿಲ್ಲ. ಎಲ್ಲೆಲ್ಲೂ ಬಳಕೆಯಲ್ಲಿದ್ದು ತಪ್ಪಿಸಿಕೊಳ್ಳುವುದೇ ಕಷ್ಟವಾದ ವಸ್ತುವಿಗೆ ವಿನಾಯಿತಿ ನೀಡುವ ತತ್ವವೂ ಇಸ್ಲಾಮೀ ನ್ಯಾಯಶಾಸ್ತ್ರದಲ್ಲಿದೆ. ಆದ್ದರಿಂದ ಪಾಕಿಸ್ತಾನದ ಮುಫ್ತಿ ತಖಿ ಉಸ್ಮಾನಿ ಅವರಂಥ ಹನಫಿ ವಿದ್ವಾಂಸರು ಮೈಮೇಲೆ ಹಚ್ಚುವುದಕ್ಕೆ ಅಡ್ಡಿಯಿಲ್ಲ ಎಂದರು. ಶಾಫಿಈಗಳಲ್ಲೂ ಸುಗಂಧ ಅಥವಾ ಔಷಧ ಕೆಡದಂತಿರಲು ಬೇಕಾದಷ್ಟು ಪ್ರಮಾಣವನ್ನು ಮನ್ನಿಸುವವರಿದ್ದಾರೆ. ಇಷ್ಟಾದರೂ ಬಿಡುವುದೇ ಮೇಲೆನ್ನುವವರಿಗೆ ಅತ್ತರು ಇದ್ದೇ ಇದೆ.

ಅತ್ತರಿಗೂ ಈ ಊರಿಗೂ ನಂಟಿದೆ. ಸಾಂಪ್ರದಾಯಿಕ ಅತ್ತರಿನಲ್ಲಿ ಹೂವಿನ ಆವಿಯನ್ನು ಹಿಡಿದಿಡುವುದು ಮದ್ಯಸಾರವಲ್ಲ, ಶ್ರೀಗಂಧದ ಎಣ್ಣೆ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ರಫ್ತು ನಿಂತಾಗ ಮೈಸೂರು ಸರ್ಕಾರ 1916ರಲ್ಲಿ ಬೆಂಗಳೂರಿನಲ್ಲೇ ಎಣ್ಣೆ ತೆಗೆಯಲು ಆರಂಭಿಸಿತು. ಅದರ ಮುಂದುವರಿಕೆಯಾದ ಸಾಬೂನು ಕಾರ್ಖಾನೆ ಇಂದಿಗೂ ಯಶವಂತಪುರದ ಬಳಿ ಇದೆ. ಗಂಧ ದುಬಾರಿಯಾದ ಮೇಲೆ ಅಗ್ಗದ ಅತ್ತರುಗಳಲ್ಲಿ ಪ್ಯಾರಾಫಿನ್ ಎಣ್ಣೆ ಸೇರಿತು.

ಸೆಂಟನ್ನು ಬಿಡುವುದು ಸುಲಭ. ಔಷಧ ಹಾಗಲ್ಲ. ಬಾಣಂತಿಯರಿಗೆ ಕೊಡುವ ದಶಮೂಲಾರಿಷ್ಟವನ್ನೇ ನೋಡಿ. ಅರಿಷ್ಟ, ಆಸವಗಳಲ್ಲಿ ಮದ್ಯಸಾರವನ್ನು ಹೊರಗಿನಿಂದ ಬೆರೆಸುವುದಿಲ್ಲ. ಬೆಲ್ಲ, ಜೇನು, ಧಾತಕಿ ಹೂವು ಹುದುಗುವಾಗ ತಾನಾಗಿಯೇ ಹುಟ್ಟುತ್ತದೆ. ದ್ರಾಕ್ಷಾರಿಷ್ಟದಲ್ಲಂತೂ ಮೂಲವಸ್ತುವೇ ದ್ರಾಕ್ಷಿ. ಕಬ್ಬಿನ ತರ್ಕ ಇಲ್ಲಿ ನೆರವಿಗೆ ಬರುವುದಿಲ್ಲ. ಆಗ ಕೇಳುವುದು ಬೇರೆ ಪ್ರಶ್ನೆ: ಇದಕ್ಕೆ ಬದಲಿ ಇದೆಯೇ? ನಂಬಬಲ್ಲ ವೈದ್ಯರು ಇದೇ ಬೇಕೆನ್ನುತ್ತಾರೆಯೇ? ಮೆಕ್ಕಾದ ಇಸ್ಲಾಮಿಕ್ ಫಿಖ್ಹ್ ಪರಿಷತ್ತು 2002ರ ಜನವರಿಯಲ್ಲಿ ಇದೇ ದಾರಿ ಹಿಡಿಯಿತು. ತಯಾರಿಕೆಗೆ ಅನಿವಾರ್ಯವಾಗಿ ಸ್ವಲ್ಪ ಆಲ್ಕೋಹಾಲು ಸೇರಿದ, ಬದಲಿಯಿಲ್ಲದ ಔಷಧವನ್ನು ವೈದ್ಯರ ಸಲಹೆಯ ಮೇರೆಗೆ ಸೇವಿಸಬಹುದು, ಗಾಯ ತೊಳೆಯಲು, ಕ್ರಿಮಿ ಕೊಲ್ಲಲು ಹೊರಗೆ ಹಚ್ಚಬಹುದು ಎಂದಿತು.

ಈ ತೀರ್ಪಿನ ಬೆಲೆ ತಿಳಿದದ್ದು 2020ರಲ್ಲಿ. ಕೊರೊನಾ ತಡೆಯ ನಂತರ ಆ ವರ್ಷದ ಜೂನ್ 8ರಿಂದ ಪ್ರಾರ್ಥನಾ ಮಂದಿರಗಳನ್ನು ತೆರೆಯಲು ಅನುಮತಿ ಸಿಕ್ಕಿತು, ಬಾಗಿಲಲ್ಲಿ ಸ್ಯಾನಿಟೈಸರ್ ಇರಬೇಕೆಂಬ ನಿಯಮದೊಂದಿಗೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ಪ್ರಮಾಣ ಶೇ. 80. ಉತ್ತರ ಭಾರತದಲ್ಲಿ ಕೆಲವು ಉಲೇಮಾಗಳು ಮಸೀದಿಯಲ್ಲಿ ಇದು ಬೇಡ, ಸಾಬೂನು ಸಾಕು ಎಂದರು. ಪೂಜಾರಿಗಳಲ್ಲೂ ಆಕ್ಷೇಪಿಸಿದವರಿದ್ದರು. ಆದರೆ ದಿನಕ್ಕೆ ಹತ್ತಾರು ಸಲ ಕೈಗೆ ಹಚ್ಚಿಕೊಳ್ಳಬೇಕಾದ ಮುಸ್ಲಿಂ ದಾದಿಗೆ ಇದು ಚರ್ಚೆಯ ವಿಷಯವಾಗಿರಲಿಲ್ಲ. ಎದುರಿಗೆ ರೋಗಿಯ ಪ್ರಾಣವಿತ್ತು. ಪ್ರಾಣರಕ್ಷಣೆ ಇಸ್ಲಾಮೀ ಕಾನೂನಿನ ಮೂಲ ಉದ್ದೇಶಗಳಲ್ಲೊಂದು.

ಆಹಾರದ ಲೆಕ್ಕ ಇನ್ನೂ ಸೂಕ್ಷ್ಮ. ಹೆಂಡ ತಾನಾಗಿ ಹುಳಿತು ವಿನೆಗರ್ ಆದರೆ ಅದು ಹೊಸ ವಸ್ತು, ಸೇವನೆಗೆ ಯೋಗ್ಯ. ಇದರಲ್ಲಿ ಭಿನ್ನಮತವಿಲ್ಲ. ಇಂಡೋನೇಷ್ಯಾದ ಉಲೇಮಾ ಮಂಡಳಿ 2018ರಲ್ಲಿ, ಮದ್ಯದಿಂದ ಬಾರದ ಆಲ್ಕೋಹಾಲು ಪಾನೀಯದಲ್ಲಿ ಶೇ. 0.5ಕ್ಕಿಂತ ಕಡಿಮೆ ಇದ್ದು ಹಾನಿಕರವಲ್ಲದಿದ್ದರೆ ಸರಿ ಎಂದು ಗೆರೆ ಎಳೆಯಿತು.

ಹೊರಗಿನವರಿಗೆ ಇದೆಲ್ಲ ಕೂದಲು ಸೀಳುವ ವಾದವೆನಿಸಬಹುದು. ಆದರೆ ಮಡಿ, ಮೈಲಿಗೆ, ಪಥ್ಯ, ಏಕಾದಶಿಗಳ ಲೆಕ್ಕ ಹಾಕುವ ನಾಡಿನಲ್ಲಿ ಇದು ಅಪರಿಚಿತವೇನಲ್ಲ. ಮುಂದಿನ ಸಲ ಔಷಧದಂಗಡಿಯಲ್ಲಿ ಯಾರಾದರೂ ಕೆಮ್ಮಿನ ಸಿರಪ್ಪಿನ ಚೀಟಿಯನ್ನು ನಿಧಾನವಾಗಿ ಓದುತ್ತ ನಿಂತರೆ ಅವರನ್ನು ಅವಸರ ಮಾಡಬೇಡಿ. ಮಗುವಿನ ಕೆಮ್ಮು ಮತ್ತು ತಮ್ಮ ನಂಬಿಕೆ, ಎರಡನ್ನೂ ಉಳಿಸಿಕೊಳ್ಳುವ ದಾರಿ ಅವರು ಹುಡುಕುತ್ತಿರಬಹುದು.