ಹಂಡೆಯ ಬಿಸಿನೀರು, ಬೀಗದ ಕೈ ಮತ್ತು ಒಂದು ವರ್ಗಾವಣೆ ಪತ್ರ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿ ಮಾಡಿದ್ದರು. ಅವರ ಹತ್ತು ವರ್ಷದ ಮಗಳಿಗೆ ಮೂರ್ಛೆರೋಗವಿದೆಯೆಂದು ವೈದ್ಯರು ಹೇಳಿ ಮಾತ್ರೆ ಆರಂಭಿಸಿದ್ದಾರೆ. "ಶಾಲೆಯಲ್ಲಿ ಹೇಳಲೋ ಬೇಡವೋ ಸಾರ್?" ಎಂಬುದು ಅವರ ಪ್ರಶ್ನೆ. "ಖಂಡಿತ ಹೇಳಪ್ಪ" ಎಂದೆ. ಉತ್ತರ ಸುಲಭವಾಗಿ ಬಾಯಿಗೆ ಬಂತು. ಆದರೆ ಆ ರಾತ್ರಿ ನಿದ್ರೆ ಬರಲಿಲ್ಲ. ಹಿಂದೊಮ್ಮೆ ಹೀಗೆ ನಂಬಿ ಹೇಳಿದ್ದ ತಂದೆಯೊಬ್ಬನ ಮಗನಿಗೆ ವರ್ಗಾವಣೆ ಪತ್ರ ಬರೆದುಕೊಟ್ಟ ಕೈ ನನ್ನದೇ. ಅದನ್ನು ಹೇಳುವ ಮೊದಲು ನಮ್ಮ ಮನೆಯ ಸಂಗತಿಯಿಂದ ಆರಂಭಿಸುತ್ತೇನೆ.

1969ರ ದೀಪಾವಳಿ. ಆಗ ಬಾಗಲಗುಂಟೆ ಬೆಂಗಳೂರು ಉತ್ತರ ತಾಲ್ಲೂಕಿನ ಒಂದು ಹಳ್ಳಿ. ಇಂದಿನ ಮನೆಗಳ ಸಾಲಿನ ಜಾಗದಲ್ಲಿ ರಾಗಿ ಹೊಲಗಳಿದ್ದವು. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಸುಣ್ಣ, ಕೆಮ್ಮಣ್ಣು ಬಳಿದು ಪೂಜೆ ಮಾಡಿ, ಮರುದಿನ ನಸುಕಿಗೇ ಒಲೆ ಹೊತ್ತಿಸಿ, ಎಲ್ಲರಿಗೂ ಎಣ್ಣೆ ನೀರು. ಹೊಗೆ ತುಂಬಿದ ಬಚ್ಚಲಿನಲ್ಲಿ ನನ್ನ ಸೋದರತ್ತೆಗೆ ನಮ್ಮಜ್ಜಿ ಸೀಗೆಪುಡಿ ತಿಕ್ಕಿ, ಸುಡುಸುಡುವ ನೀರನ್ನು ಚೊಂಬಿನ ಮೇಲೆ ಚೊಂಬು ತಲೆಗೆ ಹುಯ್ಯುತ್ತಿದ್ದರು. ಇದ್ದಕ್ಕಿದ್ದಂತೆ ಅಜ್ಜಿ ಕೂಗಿಕೊಂಡದ್ದು ಕೇಳಿಸಿತು. ಅತ್ತೆಯ ಕಣ್ಣು ಮೇಲಕ್ಕೆ ಸಿಕ್ಕಿ, ಕೈಕಾಲು ಸೆಟೆದು, ಬಾಯಲ್ಲಿ ನೊರೆ. ಯಾರೋ ಕೈಗೆ ಬೀಗದ ಕೈಗೊಂಚಲು ತುರುಕಿದರು, ಇನ್ಯಾರೋ ಮೂಗಿಗೆ ಈರುಳ್ಳಿ ಹಿಡಿದರು. ಎರಡು ಮೂರು ನಿಮಿಷಗಳಲ್ಲಿ ಎಲ್ಲವೂ ತಾನಾಗಿಯೇ ನಿಂತಿತು. ಕೀರ್ತಿ ಬೀಗದ ಕೈಗೆ ಸಂದಿತು. ಅತ್ತೆಗೆ ಆಗ 19 ವರ್ಷ. ಹೆಸರು ಬರೆಯುವುದಿಲ್ಲ, ಬಂಧುಗಳಿಗೆ ತಿಳಿಯುತ್ತದೆ, ಉಳಿದವರಿಗೆ ಬೇಕಿಲ್ಲ.

ಮತ್ತೆ ಸಂಕ್ರಾಂತಿಗೆ ಆಯಿತು, ಯುಗಾದಿಗೆ ಆಯಿತು. ಹಬ್ಬದ ದಿನವೇ, ಬಚ್ಚಲಿನಲ್ಲಿಯೇ ಆಗುತ್ತಿದ್ದುದರಿಂದ ಇದು ದೇವರ ಕಾಟವೋ ಗಾಳಿಯ ಕಾಟವೋ ಎಂಬ ಚರ್ಚೆ ನಡೆಯಿತೇ ಹೊರತು ಕಾಯಿಲೆ ಎಂದು ಯಾರಿಗೂ ಹೊಳೆಯಲಿಲ್ಲ. ಹರಕೆ, ತಾಯಿತ, ಅಂತ್ರ ಎಲ್ಲವೂ ಮುಗಿದವು. ಕೂಡಿಬಂದಿದ್ದ ಸಂಬಂಧವೊಂದು ಮುರಿಯಿತು.

ಈಗ ಇತಿಹಾಸದ ಮಾತು. ಆ ದೀಪಾವಳಿಗೆ ಸರಿಯಾಗಿ ಒಂದು ವರ್ಷ ಹಿಂದೆ, 1968ರಲ್ಲಿ, ಇದೇ ಬೆಂಗಳೂರಿನ ನರರೋಗತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 'ನ್ಯೂರಾಲಜಿ ಇಂಡಿಯಾ' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದ್ದರು. ವಿಷಯ: ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುವ ಮೂರ್ಛೆ. ಇಂಥದೊಂದು ಪ್ರಸಂಗ 1945ರಲ್ಲಿ ನ್ಯೂಜಿಲೆಂಡಿನಿಂದ ವರದಿಯಾಗಿತ್ತು. ಅಲ್ಲಿ ಅದೊಂದು ಅಪರೂಪದ ವಿಚಿತ್ರ. ನಮ್ಮ ಕಡೆ ಹಾಗಲ್ಲ. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ರೋಗಿಗಳ ವಿವರವನ್ನು ಒಂದೇ ಲೇಖನದಲ್ಲಿ ಕೊಟ್ಟರು. 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಲಕ್ಷಕ್ಕೂ ಮಿಕ್ಕಿದ ಜನರ ಮನೆ ಮನೆ ಸಮೀಕ್ಷೆ ನಡೆದಾಗ, ಮೂರ್ಛೆರೋಗವಿದ್ದ ಪ್ರತಿ 100 ಜನರಲ್ಲಿ ಸುಮಾರು 7 ಮಂದಿಗೆ ಬಿಸಿನೀರಿನ ಮೂರ್ಛೆ ಕಂಡುಬಂತು. ದಕ್ಷಿಣ ಕರ್ನಾಟಕದಲ್ಲಿ ಇದು ಇಷ್ಟು ಹೆಚ್ಚಾಗಿರಲು ನಮ್ಮ ತಲೆಸ್ನಾನದ ಪದ್ಧತಿ ಒಂದು ಕಾರಣ. ವಂಶವಾಹಿಯೂ ಒಂದು ಕಾರಣ. ನಮ್ಮ ಉತ್ತರ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು ನಿಮ್ಹಾನ್ಸ್ ವೈದ್ಯರೊಡಗೂಡಿ ಇಂಥ ಕುಟುಂಬಗಳನ್ನು ಅಧ್ಯಯನ ಮಾಡಿ, ಇದರ ಸುಳಿವಿರುವ ವರ್ಣತಂತುವಿನ ಭಾಗಗಳನ್ನು 2009ರಲ್ಲಿ ಗುರುತಿಸಿದರು.

ಆದರೆ 1969ರಲ್ಲಿ ಡಾ. ಮಣಿಯವರ ಆಸ್ಪತ್ರೆಗೂ ನಮ್ಮ ಬಚ್ಚಲಿಗೂ ಇದ್ದ ದೂರ ಸುಮಾರು 20 ಕಿಲೋಮೀಟರ್ ಮಾತ್ರ. ಪಕ್ಕದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆ ಕೈಗಡಿಯಾರ ತಯಾರಿಸುತ್ತಿತ್ತು. ಎಂಟನೇ ಮೈಲಿಗೆ ನಡೆದು ಬಸ್ಸು ಹತ್ತಿದರೆ ಪೇಟೆ. ಆದರೂ ಆ ಲೇಖನದ ಸುದ್ದಿ ನಮ್ಮ ಮನೆಗೆ ತಲುಪಲು ಇಪ್ಪತ್ತು ವರ್ಷ ಬೇಕಾಯಿತು. ಜೊತೆಗೆ ಆ ಆವರಣದ ಹೆಸರೇ ಜನರ ಬಾಯಲ್ಲಿ 'ಹುಚ್ಚಾಸ್ಪತ್ರೆ'. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಆದ ಮೇಲೂ ಬಹಳ ಕಾಲ ಆ ಮಾತು ಹೋಗಲಿಲ್ಲ. ಮದುವೆಯಾಗಬೇಕಾದ ಹುಡುಗಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು ಯಾರು?

ಹೆಸರುಗಳೂ ಬಲು ಕೆಟ್ಟವು. ಚರಕ ಸಂಹಿತೆಯಲ್ಲಿ ಅಪಸ್ಮಾರಕ್ಕೆ ಚಿಕಿತ್ಸೆ ಹೇಳುವ ಅಧ್ಯಾಯವೇ ಇದೆ. ಅದೇ ಹೆಸರಿನ ಕುಳ್ಳನನ್ನು ನಟರಾಜನ ಕಾಲಡಿಯಲ್ಲಿ ಇಟ್ಟು ಅಜ್ಞಾನಕ್ಕೆ ಸಂಕೇತ ಮಾಡಿದ್ದೇವೆ. ವೈದ್ಯ ಹೇಳಿದ್ದು ಓಲೆಗರಿಯಲ್ಲಿ ಉಳಿಯಿತು, ಶಿಲ್ಪಿ ಹೇಳಿದ್ದು ಎಲ್ಲರ ಕಣ್ಣಿಗೂ ಬಿತ್ತು.

ಇನ್ನು ನನ್ನ ಪಾಲಿನ ತಪ್ಪು. ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ, 1986. ಹರ್ಬಾರ್ಟನ ಪಂಚ ಸೋಪಾನಗಳನ್ನು ಕಂಠಪಾಠ ಮಾಡಿದ್ದೆನೇ ಹೊರತು, ತರಗತಿಯಲ್ಲಿ ಮಗು ಮೂರ್ಛೆ ಬಿದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಎಂಟನೇ ತರಗತಿಯ ಹುಡುಗನ ತಂದೆ, ಕೂಲಿ ಮಾಡುವವರು, ದಾಖಲಾತಿಯ ದಿನವೇ "ನಮ್ಮ ಹುಡುಗನಿಗೆ ಒಂದೊಂದು ಸಲ ಫಿಟ್ಸ್ ಬರ್ತದೆ ಸ್ವಾಮಿ, ಸ್ವಲ್ಪ ನೋಡ್ಕಳಿ" ಎಂದಿದ್ದರು. ಪ್ರಾರ್ಥನೆಯ ವೇಳೆ ಹುಡುಗ ಬಿದ್ದ. ನಾನು ಓಡಿಹೋಗಿ ಮಾಡಿದ್ದು ಅದೇ: ಕೈಗೆ ಬೀಗದ ಕೈ. ಎರಡನೆಯ ಸಲ ಬಿದ್ದಾಗ ಬೇರೆ ಪೋಷಕರು ದೂರಿದರು, ಇದು ಅಂಟುರೋಗವಂತೆ ಎಂದು. ಮುಖ್ಯೋಪಾಧ್ಯಾಯರು ವರ್ಗಾವಣೆ ಪತ್ರ ಬರೆಯಲು ಹೇಳಿದರು, ಬರೆದೆ. ಕಾರಣದ ಅಂಕಣದಲ್ಲಿ "ಪೋಷಕರ ಕೋರಿಕೆಯ ಮೇರೆಗೆ" ಎಂದು ನನ್ನ ದುಂಡಾದ ಅಕ್ಷರದಲ್ಲಿ ನಮೂದಿಸಿದೆ. ಆ ತಂದೆ ಏನನ್ನೂ ಕೋರಿರಲಿಲ್ಲ. ಪತ್ರವನ್ನು ಮಡಿಸಿ ಜೇಬಿಗಿಟ್ಟುಕೊಂಡು ಕೈಮುಗಿದು ಹೋದರು. ಹುಡುಗ ಬೇರೆಲ್ಲಿಯೂ ಸೇರಲಿಲ್ಲವೆಂದು ಅನಂತರ ತಿಳಿಯಿತು.

ಮೂರ್ಛೆರೋಗಕ್ಕೆ ಔಷಧವಿರಲಿಲ್ಲವೇ ಎಂದರೆ, ಇತ್ತು. ಫಿನೋಬಾರ್ಬಿಟೋನ್ ಮೂರ್ಛೆಯನ್ನು ತಡೆಯುತ್ತದೆಂದು 1912ರಲ್ಲಿ ಜರ್ಮನಿಯ ಹಾಪ್ಟ್‌ಮನ್ ತೋರಿಸಿದ್ದರು. 1938ರಲ್ಲಿ ಫೆನಿಟೋಯಿನ್ ಬಂತು. ಎರಡೂ ಅಗ್ಗ. ಕೊರತೆ ಇದ್ದದ್ದು ಔಷಧದ್ದಲ್ಲ. ವರ್ಷಗಟ್ಟಲೆ, ಒಂದು ದಿನವೂ ತಪ್ಪದಂತೆ ನುಂಗಬೇಕಾದ ಮಾತ್ರೆಯನ್ನು ಹಳ್ಳಿಯ ಮನೆಗೆ ತಿಂಗಳು ತಿಂಗಳು ತಲುಪಿಸುವವರು, ಎರಡು ತಿಂಗಳು ಮೂರ್ಛೆ ಬಾರದಿದ್ದರೆ ಸಾಕೆಂದು ನಿಲ್ಲಿಸುವವರನ್ನು ಗದರಿಸುವವರು ಇರಲಿಲ್ಲ. ಕೂಲಿಯವನಿಗೆ ಬೆಂಗಳೂರಿನ ಒಂದು ಪಯಣವೆಂದರೆ ಬಸ್ ಚಾರ್ಜೂ ಒಂದು ದಿನದ ಕೂಲಿಯೂ ಹೋದಂತೆ.

ಇದನ್ನು ಮೊದಲು ಅರ್ಥಮಾಡಿಕೊಂಡವರನ್ನು ನೆನೆಯಬೇಕು. 1970ರ ದಶಕದ ಮಧ್ಯದಲ್ಲಿ ನಿಮ್ಹಾನ್ಸ್ ಬನ್ನೇರುಘಟ್ಟ ರಸ್ತೆಯ ಸಕಲವಾರದಲ್ಲಿ ಗ್ರಾಮೀಣ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಇಂಥ ರೋಗಿಗಳನ್ನು ನೋಡಿಕೊಳ್ಳಬಲ್ಲರೇ ಎಂದು ಪರೀಕ್ಷಿಸಿತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದೇ ಪ್ರಯೋಗ ದೊಡ್ಡದಾಗಿ ನಡೆಯಿತು. ಗೌರಿಬಿದನೂರು, ಮಧುಗಿರಿ, ಮದ್ದೂರು, ಕನಕಪುರಗಳಿಗೆ ನಿಮ್ಹಾನ್ಸ್ ವೈದ್ಯರು ತಿಂಗಳಿಗೊಮ್ಮೆ ತಾವೇ ಹೋಗತೊಡಗಿದರು.

ನನಗೆ ಬಹಳ ಮೆಚ್ಚುಗೆಯಾದದ್ದು ಯಳಂದೂರಿನದು. ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಆ ತಾಲ್ಲೂಕಿನಲ್ಲಿ ಕುಷ್ಠರೋಗ ವಿಪರೀತವಾಗಿದ್ದುದರಿಂದ ಡಾ. ಎಚ್. ಸುದರ್ಶನ್ 1986ರಲ್ಲಿ ಕರುಣಾ ಟ್ರಸ್ಟ್ ಕಟ್ಟಿದ್ದರು. ಕುಷ್ಠಕ್ಕಾಗಿ ಮನೆ ಮನೆ ತಿರುಗುತ್ತಿದ್ದ ಕಾರ್ಯಕರ್ತರು ಹಳ್ಳಿಯ ಪ್ರತಿ ಬಾಗಿಲನ್ನೂ ಬಲ್ಲವರು. ಡಾ. ಮಣಿಯವರು ಇಳಿವಯಸ್ಸಿನಲ್ಲಿ ಅಲ್ಲಿಗೆ ಕೈಜೋಡಿಸಿದರು. 1990ರ ಸುಮಾರಿಗೆ ಆರಂಭವಾದ ಸಮೀಕ್ಷೆಯಲ್ಲಿ ಸುಮಾರು 65 ಸಾವಿರ ಜನರ ಮನೆಬಾಗಿಲಿಗೆ ಹೋಗಿ, ಚಿಕಿತ್ಸೆಯನ್ನೇ ಕಾಣದ ಮೂರ್ಛೆರೋಗಿಗಳನ್ನು ಹುಡುಕಿದರು. ಕೊಟ್ಟದ್ದು ಅದೇ ಎರಡು ಹಳೆಯ ಮಾತ್ರೆಗಳಲ್ಲಿ ಒಂದನ್ನು. ಐದು ವರ್ಷ ಬೆನ್ನುಬಿಡದೆ ನೋಡಿಕೊಂಡರು. ಹೆಚ್ಚಿನವರಲ್ಲಿ ರೋಗ ಹತೋಟಿಗೆ ಬಂತು. ಚಿಕಿತ್ಸೆಗೆ ಮೊದಲು ಕಡಿಮೆ ಸಲ ಮೂರ್ಛೆ ಬಂದಿದ್ದವರಿಗೆ ಹೆಚ್ಚು ಗುಣ ಎಂಬುದೂ ತಿಳಿಯಿತು. ಅಂದರೆ ಹರಕೆ, ತಾಯಿತಗಳಲ್ಲಿ ಕಳೆದ ವರ್ಷಗಳು ಸುಮ್ಮನೆ ಕಳೆದವಲ್ಲ. 2001ರಲ್ಲಿ ಇದು 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. ಡಾ. ಮಣಿಯವರು ತೀರಿಕೊಂಡದ್ದೂ ಅದೇ ವರ್ಷ.

ಸರ್ಕಾರ 1976ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಿದ್ದುಪಡಿ ತಂದು, ಪದೇ ಪದೇ ಮೂರ್ಛೆ ಬರುವವರು ವಿವಾಹಕ್ಕೆ ಅರ್ಹರಲ್ಲವೆಂದು, ಹುಚ್ಚಿನ ಸಾಲಿನಲ್ಲಿಯೇ ಬರೆದಿತ್ತು. ಹಾಗಾಗಿ ಹೆಣ್ಣಿನ ಕಡೆಯವರು ರೋಗ ಮುಚ್ಚಿಟ್ಟರು. ಗಂಡನ ಮನೆಯಲ್ಲಿ ಮಾತ್ರೆ ಕಂಡುಬಿಟ್ಟೀತೆಂದು ಹುಡುಗಿಯರು ಮದುವೆಯ ದಿನದಿಂದಲೇ ಮಾತ್ರೆ ಬಿಟ್ಟರು. ಬಿಟ್ಟದ್ದರಿಂದಲೇ ಮೂರ್ಛೆ ಮರಳಿತು. 1970ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಮೂರ್ಛೆರೋಗ ಸಂಘದವರು ಪಟ್ಟುಹಿಡಿದು ಹೋರಾಡಿದ ಮೇಲೆ, 1999ರ ತಿದ್ದುಪಡಿಯಲ್ಲಿ ಆ ಪದ ಕಾಯ್ದೆಯಿಂದ ಹೋಯಿತು. ಜನರ ಮನಸ್ಸಿನಿಂದ ಇನ್ನೂ ಪೂರ್ತಿ ಹೋಗಿಲ್ಲ. ಮೊನ್ನೆಯ ದೂರವಾಣಿಯೇ ಸಾಕ್ಷಿ.

2022ರಲ್ಲಿ ರಾಜ್ಯ ಸರ್ಕಾರವೂ ನಿಮ್ಹಾನ್ಸೂ ಸೇರಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನ ಜಯನಗರದಲ್ಲಿ ಮಿದುಳು ಆರೋಗ್ಯ ಕಾರ್ಯಕ್ರಮ ಆರಂಭಿಸಿದ್ದನ್ನು ಓದಿ ಸಂತೋಷಪಟ್ಟೆ.

ಶಿಕ್ಷಕರಾಗಿರುವ ನನ್ನ ಶಿಷ್ಯರಿಗೆ ಒಂದು ಮಾತು. ಮಗು ಬಿದ್ದರೆ ಪಕ್ಕಕ್ಕೆ ಮಗ್ಗುಲಾಗಿಸಿ, ಸುತ್ತಲಿನ ಮೇಜು ಕುರ್ಚಿ ಸರಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಗಡಿಯಾರ ನೋಡಿ. ಐದು ನಿಮಿಷಕ್ಕೂ ನಿಲ್ಲದಿದ್ದರೆ ಆಸ್ಪತ್ರೆ. ಬೀಗದ ಕೈ ಬೀಗಕ್ಕಿರಲಿ.

ಅತ್ತೆಯ ಕಥೆ ಅರ್ಧಕ್ಕೆ ನಿಂತಿತು. ಆ ವರ್ಗಾವಣೆ ಪತ್ರ ಕಾಡುತ್ತಲೇ ಇದ್ದುದರಿಂದ 1989ರಲ್ಲಿ ಒಂದು ದಿನ ರಜೆ ಹಾಕಿ ಅತ್ತೆಯನ್ನು ನಗರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ತರುಣ ವೈದ್ಯರು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು: "ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಬರುತ್ತದೆಯೇನಮ್ಮ?" ಇಪ್ಪತ್ತು ವರ್ಷ ನಾವು ಯಾರೂ ಕೇಳದ ಪ್ರಶ್ನೆ. ಅತ್ತೆ ಅಲ್ಲಿಯೇ ಅತ್ತರು. ಕೆಲವು ವರ್ಷ ಮಾತ್ರೆ, ತಲೆಗೆ ಉಗುರುಬೆಚ್ಚಗಿನ ನೀರು ಮಾತ್ರ, ಮೊದಲು ಮೈಗೆ ಹಾಕಿಕೊಂಡು ಆಮೇಲೆ ತಲೆಗೆ, ಬಚ್ಚಲಿನ ಚಿಲಕ ಹಾಕಬಾರದು: ಇಷ್ಟೇ ಚಿಕಿತ್ಸೆ. ಮಾತ್ರೆಯನ್ನು ತಿಂಗಳು ತಿಂಗಳು ತಂದುಕೊಡುವ ಕೆಲಸ ನನ್ನದಾಯಿತು. ಆಮೇಲೆ ಅವರು ಮತ್ತೆ ಬೀಳಲಿಲ್ಲ. ಮದುವೆಯ ವಯಸ್ಸು ಮಾತ್ರ ಮೀರಿತ್ತು.

ಈಗ ಅವರಿಗೆ ಎಪ್ಪತ್ತೈದು ದಾಟಿದೆ, ನಮ್ಮ ಮನೆಯಲ್ಲಿಯೇ ಇದ್ದಾರೆ. ಹಂಡೆ ಹೋಗಿ ಗೀಸರ್ ಬಂದಿದೆ. ಈ ದೀಪಾವಳಿಗೂ ಬಕೆಟ್ಟಿಗೆ ಮೊಣಕೈ ಅದ್ದಿ ನೋಡಿ, "ಇನ್ನೊಂದು ಚೊಂಬು ತಣ್ಣೀರು ಬೆರೆಸೋ" ಎಂದು ನನ್ನನ್ನು ಕೂಗಿದರು. ಬೆರೆಸಿದೆ.