ಚೆಂಡಿನ ಹತೋಟಿ: ಕರ್ನಾಟಕದ ಫುಟ್‌ಬಾಲ್‌ನಲ್ಲಿ

ಫುಟ್‌ಬಾಲ್ ಆಟಗಾರ ಚೆಂಡನ್ನು ಕಾಲು, ತೊಡೆ, ಎದೆ, ತಲೆಗಳಿಂದ ತಡೆದು, ಅಂಕೆಯಲ್ಲಿಟ್ಟುಕೊಂಡು, ಬೇಕಾದೆಡೆಗೆ ಸಾಗಿಸುವ ಕೌಶಲ. ಟ್ರ್ಯಾಪಿಂಗ್ (ತಡೆದು ನಿಲ್ಲಿಸುವುದು), ಡ್ರಿಬ್ಲಿಂಗ್ (ಕಾಲಲ್ಲಿ ನೂಕಿಕೊಂಡು ಸಾಗುವುದು), ಪಾಸಿಂಗ್ (ಜೊತೆಯವನಿಗೆ ಕೊಡುವುದು) ಇದರ ಮೊದಲ ಪಾಠಗಳು. ಇಂಗ್ಲೆಂಡಿನ 1863ರ ನಿಯಮಗಳ ಪ್ರಕಾರ ಚೆಂಡಿಗಿಂತ ಮುಂದಿದ್ದವನು ಆಫ್‌ಸೈಡ್, ಅಂದರೆ ಅವನು ಚೆಂಡನ್ನು ಆಡುವಂತಿರಲಿಲ್ಲ. ಹೀಗಾಗಿ ಚೆಂಡು ಸಿಕ್ಕವನು ಅದನ್ನು ತಾನೇ ಕಾಲಲ್ಲಿ ನೂಕಿಕೊಂಡು ನುಗ್ಗಬೇಕಿತ್ತು. 1866ರಲ್ಲಿ ನಿಯಮ ಸಡಿಲಗೊಂಡ ಮೇಲೆ ಪಾಸ್‌ಗೆ ಬೆಲೆ ಬಂತು. ಅದನ್ನು ಪಳಗಿಸಿದವರು ಸ್ಕಾಟ್ಲೆಂಡಿನವರು.

ಬೆಂಗಳೂರಿನಲ್ಲಿ ಆಟ ಬೇರೂರಿದ್ದು ದಂಡು ಪ್ರದೇಶದ ಬ್ರಿಟಿಷ್ ಸೈನಿಕರಿಂದ. ಅವರದು ಬೂಟುಗಾಲು, ಊರಿನವರದು ಬರಿಗಾಲು. ಇಲ್ಲಿಯ ಶೈಲಿಯ ಬೇರು ಈ ವ್ಯತ್ಯಾಸದಲ್ಲಿದೆ ಎನ್ನಬೇಕು. ಬರುವ ಚೆಂಡಿಗೆ ಪಾದದ ಒಳಮಗ್ಗುಲನ್ನು ಒಡ್ಡಿ, ತಾಗಿದೊಡನೆ ಕಾಲನ್ನು ತುಸು ಹಿಂದಕ್ಕೆಳೆದರೆ ಚೆಂಡು ಪುಟಿಯದೆ ಅಲ್ಲೇ ನಿಲ್ಲುತ್ತದೆ. ಅದರ ವೇಗ, ತಿರುಗು ಎರಡೂ ಬರಿಗಾಲಿಗೆ ನೇರವಾಗಿ ತಿಳಿಯುತ್ತವೆ. ಮರುಗಳಿಗೆಯಲ್ಲಿ ಅಂಗಾಲಿನಿಂದ ಎಳೆದು ಪಕ್ಕಕ್ಕೆ ಸರಿಯದಿದ್ದರೆ ಎದುರಾಳಿಯ ಬೂಟು ಕಾಲಿಗೇ ಬೀಳುತ್ತಿತ್ತು. ಡ್ರಿಬ್ಲಿಂಗ್ ಬರಿಗಾಲಿನವರಿಗೆ ಶೋಕಿಯಾಗಿರಲಿಲ್ಲ.

ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದು, ಆ ಕಪ್ ಎತ್ತಿದ ಮೊದಲ ಭಾರತೀಯ ತಂಡವಾಯಿತು, 1938ರಲ್ಲೂ ಗೆದ್ದಿತು. ಮೈಸೂರು (ಈಗಿನ ಕರ್ನಾಟಕ) ತಂಡ 1946–47ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ ಪಡೆಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ ಭಾರತ ತಂಡ ಫ್ರಾನ್ಸ್‌ಗೆ 1–2ರಿಂದ ಸೋತಿತು, ಅದೂ ಎರಡು ಪೆನಾಲ್ಟಿ ಕೈಚೆಲ್ಲಿ. ಒಲಿಂಪಿಕ್ಸ್‌ನಲ್ಲಿ ಭಾರತದ ಆ ಮೊದಲ ಗೋಲು ಮೈಸೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಆ ತಂಡದ ಐವರು ಮುನ್ನಡೆ ಆಟಗಾರರಾದ ‘ಪಂಚ ಪಾಂಡವ’ರಲ್ಲಿ ಒಬ್ಬರೆನಿಸಿದರು. ಅವರ ಕಾಲ್ಚಳಕ ಕಂಡ ಪ್ರೇಕ್ಷಕರು ಇಟ್ಟ ಹೆಸರು ‘ಹಾವಾಡಿಗ’.

ಬರಿಗಾಲಿನ ಕಾಲ ಮುಗಿದದ್ದು ಹೆಲ್ಸಿಂಕಿಯಲ್ಲಿ. 1952ರ ಒಲಿಂಪಿಕ್ಸ್‌ನಲ್ಲಿ, ಚಳಿಯಲ್ಲಿ, ಯುಗೊಸ್ಲಾವಿಯ ಭಾರತವನ್ನು 10–1ರಿಂದ ಮಣಿಸಿತು. ಆ ಒಂದು ಗೋಲು ಖಾನ್ ಅವರದೇ. ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ತಪ್ಪು ನಿರ್ಧಾರವೇನಲ್ಲ. ಆದರೆ ಬೆರಳಿನಿಂದ, ಅಂಗಾಲಿನಿಂದ ಚೆಂಡಿನ ಜಾಡು ಹಿಡಿಯುತ್ತಿದ್ದವರು ಅದೇ ಪಾಠವನ್ನು ಚರ್ಮದ ಹೊದಿಕೆಯೊಳಗಿನಿಂದ ಮತ್ತೆ ಕಲಿಯಬೇಕಾಯಿತು. ಮೈಸೂರು 1952–53ರಲ್ಲಿ, ಆಮೇಲೆ 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದನ್ನು ನೋಡಿದರೆ ಕಲಿಯದೆ ಬಿಡಲಿಲ್ಲ.

ಬೂಟಿನಂತೆ ನಿಯಮವೂ ಪಾಠ ಬದಲಿಸಿತು. ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಾರದೆಂಬ ನಿಯಮ 1992ರಲ್ಲಿ ಬಂದಾಗಿನಿಂದ ಟ್ರ್ಯಾಪಿಂಗ್ ಅವನಿಗೂ ತಪ್ಪದ ಪಾಠ.  ಕರ್ನಾಟಕದ ಕೈಗೆ ಸಂತೋಷ್ ಟ್ರೋಫಿ ಮತ್ತೆ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ.